ಒಂದು ಚಿಟಿಕೆ ಧೂಪ

ಯಶವಂತಪುರದ ಬಳಿ 1891ರಲ್ಲಿ ರೈಲು ಹಾದಿಗೆಂದು ನೆಲ ಅಗೆಯುತ್ತಿದ್ದಾಗ 163 ಬೆಳ್ಳಿ ನಾಣ್ಯಗಳು ಸಿಕ್ಕವು. ಅವು ರೋಮಿನ ನಾಣ್ಯಗಳು. ಅಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್ ಚಕ್ರವರ್ತಿಗಳ ಕಾಲದವು. ಪಕ್ಕದ ಮಲ್ಲೇಶ್ವರ ಬಡಾವಣೆ ಆಗಿನ್ನೂ ಸರಿಯಾಗಿ ತಲೆ ಎತ್ತಿರಲಿಲ್ಲ. ದಕ್ಷಿಣ ಭಾರತದಲ್ಲಿ ಹೇರಳವಾಗಿ ಸಿಕ್ಕಿರುವ ಟೈಬೀರಿಯಸನ ನಾಣ್ಯದಲ್ಲಿ ಅವನ ಮುಖದ ಸುತ್ತ ‘ದೇವನಾದ ಅಗಸ್ಟಸನ ಮಗ’ ಎಂಬ ಅರ್ಥದ ಅಕ್ಷರಗಳಿರುತ್ತವೆ. ನಮ್ಮ ಕಡೆಯ ವರ್ತಕನಿಗೆ ಆ ಅಕ್ಷರಗಳಿಂದ ಆಗಬೇಕಾದದ್ದೇನೂ ಇರಲಿಲ್ಲ. ಬೆಳ್ಳಿಯ ತೂಕ ಸರಿಯಿದ್ದರೆ ಸಾಕಿತ್ತು. ಆ ಮುಖಕ್ಕೆ ಕೈಮುಗಿ ಎಂದು ಇಲ್ಲಿ ಯಾರೂ ಯಾರನ್ನೂ ಕೇಳಲಿಲ್ಲ. ರೋಮಿನ ಆಳ್ವಿಕೆಯಿದ್ದ ನೆಲದಲ್ಲಾದರೋ, ಈ ನಾಣ್ಯಗಳು ಅಚ್ಚಾದ ಸುಮಾರು ಇನ್ನೂರು ವರ್ಷಗಳ ಮೇಲೆ, ಅದೇ ಪ್ರಶ್ನೆ ಪ್ರಾಣದ ಪ್ರಶ್ನೆಯಾಯಿತು. ಅದಕ್ಕೆ ಉತ್ತರ ಕೊಟ್ಟು ಸತ್ತವರಲ್ಲಿ ಉತ್ತರ ಆಫ್ರಿಕದ ಕಾರ್ಥೇಜ್ ನಗರದ ಧರ್ಮಾಧ್ಯಕ್ಷ ಸಿಪ್ರಿಯನ್ ಒಬ್ಬ. ಪುದುಚೇರಿಯಿಂದ ಬಂದು ಮಲ್ಲೇಶ್ವರದಲ್ಲಿ ನೆಲೆನಿಂತ ಸಂತ ಪೇತ್ರರ ಗುರುಮಠದಲ್ಲಿ ಓದುವ ತರುಣರಿಗೆ ಅವನು ಧರ್ಮಸಭೆಯ ಪಿತೃಗಳಲ್ಲಿ ಒಬ್ಬ. ಮಂಗಳೂರು ಕಡೆಯ ಕೆಥೋಲಿಕ್ ಮನೆಗಳಲ್ಲಿ ಸಿಪ್ರಿಯನ್ ಎಂಬುದು ಮಕ್ಕಳಿಗೆ ಇಡುವ ಹೆಸರು. ಇವರನ್ನು ಬಿಟ್ಟರೆ ಕನ್ನಡ ಓದುಗರಿಗೆ ಅವನ ಪರಿಚಯ ಕಡಿಮೆ.

ಕ್ರಿ.ಶ. 258ರ ಸೆಪ್ಟೆಂಬರ್ 14ರಂದು ಕಾರ್ಥೇಜಿನ ಹೊರವಲಯದಲ್ಲಿ ಅವನ ತಲೆ ಕಡಿದರು. ಸಾಮಾನ್ಯವಾಗಿ ಸಂತರ ಕಥೆಗಳು ಈ ಗಳಿಗೆಯ ಸುತ್ತಲೇ ಕಟ್ಟಿಕೊಳ್ಳುತ್ತವೆ. ಸಿಪ್ರಿಯನ್‌ನ ಮಟ್ಟಿಗೆ ಹಾಗೆ ಮಾಡಿದರೆ ಅವನಿಗೆ ಅನ್ಯಾಯವಾಗುತ್ತದೆಂದು ನನ್ನ ವಾದ. ಕನ್ನಡ ಕ್ರೈಸ್ತರು ಇಂಥವರನ್ನು ‘ರಕ್ತಸಾಕ್ಷಿ’ ಎನ್ನುತ್ತಾರೆ. ಪತ್ರಿಕೆಗಳಲ್ಲಿ ಬಳಕೆಯಾಗುವ ‘ಹುತಾತ್ಮ’ಕ್ಕಿಂತ ಈ ಪದ ಮೂಲಕ್ಕೆ ಹತ್ತಿರ, ಏಕೆಂದರೆ ಗ್ರೀಕಿನ ‘ಮಾರ್ತುಸ್’ ಎಂದರೆ ಸಾಕ್ಷಿ ಎಂದೇ ಅರ್ಥ. ಸಾಕ್ಷಿ ಹೇಳುವವನ ಮಾತನ್ನು ನಂಬಬೇಕಾದರೆ ಅವನ ನಡತೆಯನ್ನೆಲ್ಲ ನೋಡಬೇಕು. ಸಿಪ್ರಿಯನ್ ಮೊದಲ ಸಲ ಆಪತ್ತು ಬಂದಾಗ ಊರು ಬಿಟ್ಟು ಅಡಗಿದವನು. ಹೆದರಿ ಸೋತ ತನ್ನ ಜನರನ್ನು ಮರಳಿ ಸೇರಿಸಿಕೊಂಡವನು. ಎಂಟು ವರ್ಷಗಳ ಬಳಿಕ ಕತ್ತಿಗೆ ಕೊರಳು ಕೊಟ್ಟವನು. ಮೊದಲೆರಡನ್ನು ಬಿಟ್ಟು ಮೂರನೆಯದನ್ನು ಮಾತ್ರ ಹೊಗಳಿದರೆ ಆ ಸಾವಿನ ಅರ್ಥವೇ ನಮಗೆ ದಕ್ಕುವುದಿಲ್ಲ.

ಮೊದಲು ಆ ಆಪತ್ತು ಏನೆಂದು ತಿಳಿಯಬೇಕು. 212ರಲ್ಲಿ ಚಕ್ರವರ್ತಿ ಕರಾಕಲ್ಲಾ ಸಾಮ್ರಾಜ್ಯದ ಹೆಚ್ಚುಕಡಿಮೆ ಎಲ್ಲ ಸ್ವತಂತ್ರ ಜನರಿಗೂ ರೋಮನ್ ಪೌರತ್ವ ಕೊಟ್ಟಿದ್ದ. 249ರಲ್ಲಿ ಪಟ್ಟಕ್ಕೆ ಬಂದ ಡೆಸಿಯಸ್ ಆ ಪೌರತ್ವಕ್ಕೆ ಒಂದು ಋಣವನ್ನು ಅಂಟಿಸಿದ. ಗಡಿಯಲ್ಲಿ ಗೋಥರ ದಾಳಿ, ಒಳಗೆ ಸಿಂಹಾಸನಕ್ಕಾಗಿ ಕಾದಾಟ. ದೇವತೆಗಳು ಮುನಿದಿದ್ದಾರೆ, ಪ್ರಜೆಗಳೆಲ್ಲ ಬಲಿ ಕೊಟ್ಟು ಅವರನ್ನು ಒಲಿಸಬೇಕು ಎಂಬ ಅಪ್ಪಣೆ ಹೊರಟಿತು. ಹೊಸತೆಂದರೆ ಅದರ ಜೊತೆಗಿದ್ದ ಕಾಗದ. ಪ್ರತಿಯೊಬ್ಬರೂ ಅಧಿಕಾರಿಗಳ ಕಣ್ಣೆದುರು ದೇವತೆಗೆ ಮದ್ಯ ಎರೆದು, ಬಲಿಯ ಮಾಂಸವನ್ನು ರುಚಿ ನೋಡಿ, ಹಾಗೆ ಮಾಡಿದ್ದಕ್ಕೆ ದೃಢೀಕರಣ ಪತ್ರ ಪಡೆಯಬೇಕಿತ್ತು. ಇಂಥ ಪತ್ರಗಳು ನಲವತ್ತಕ್ಕೂ ಹೆಚ್ಚು ಈಜಿಪ್ಟಿನ ಮರಳಿನಲ್ಲಿ ಉಳಿದು ಬಂದಿವೆ. ಹೆಚ್ಚಿನವು ಫಯೂಮ್ ಪ್ರದೇಶದ ಹಳ್ಳಿಗಳವು. ಕೆಲವು ಆಕ್ಸಿರಿಂಕಸ್ ಎಂಬ ಊರಿನ ಹಳೆಯ ತಿಪ್ಪೆಗಳಿಂದ ಬಂದವು. ಆ ತಿಪ್ಪೆ ಕನ್ನಡಿಗರಿಗೆ ಅಪರಿಚಿತವಲ್ಲ. ಅಲ್ಲಿ ಸಿಕ್ಕ ಒಂದು ಗ್ರೀಕ್ ಪ್ರಹಸನದಲ್ಲಿ ಬರುವ ಪರದೇಶದ ಮಾತುಗಳು ಕನ್ನಡವೆಂದು, ಕೌಟಿಲ್ಯನ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಆರ್. ಶಾಮಶಾಸ್ತ್ರಿಗಳು ವಾದಿಸಿದರು, ‘ಗೊಲ್ಗೊಥಾ’ ಬರೆದ ಮಂಜೇಶ್ವರದ ಗೋವಿಂದ ಪೈಗಳೂ ಅದರ ಬೆನ್ನು ಹತ್ತಿದರು. ವಿದ್ವಾಂಸರು ಅದನ್ನು ಇಂದಿಗೂ ಒಮ್ಮತದಿಂದ ಒಪ್ಪಿಲ್ಲ. ನಾವು ಕನ್ನಡಕ್ಕಾಗಿ ಹುಡುಕಿದ ಅದೇ ಕಾಗದದ ರಾಶಿಯಲ್ಲಿ ಡೆಸಿಯಸ್‌ನ ಈ ಪತ್ರಗಳೂ ಇದ್ದವು. 250ರ ಜೂನ್ 26ರ ಒಂದು ಪತ್ರದಲ್ಲಿ ಔರೇಲಿಯಸ್ ಡಯೋಜಿನಿಸ್ ಎಂಬ 72 ವರ್ಷದ ಮುದುಕನ ಹೆಸರಿದೆ. ಗುರುತಿಗೆ ಬಲಹುಬ್ಬಿನ ಮೇಲಿನ ಗಾಯದ ಕಲೆಯನ್ನು ಬರೆದಿದ್ದಾರೆ. ಇನ್ನೊಂದು ಪತ್ರ ಮೊಸಳೆ ದೇವರ ಪೂಜಾರಿಣಿಯೊಬ್ಬಳದು. ದೇವಸ್ಥಾನದಲ್ಲಿ ಪೂಜೆ ಮಾಡುವುದೇ ಕಸುಬಾಗಿದ್ದ ಹೆಂಗಸೂ ತಾನು ದೇವರನ್ನು ನಂಬುತ್ತೇನೆಂದು ಸರ್ಕಾರದ ರುಜು ಹಾಕಿಸಿಕೊಂಡು ಬರಬೇಕಾಯಿತು.

ಇಷ್ಟಕ್ಕೆ ಪ್ರಾಣ ಬಿಡಬೇಕಿತ್ತೇ ಎಂದು ನಮ್ಮವರು ಯಾರಾದರೂ ಕೇಳಿದರೆ ಆಶ್ಚರ್ಯವಿಲ್ಲ. ಬಸವನಗುಡಿಯಲ್ಲಿ ದೊಡ್ಡ ಬಸವನಿಗೆ ಕೈಮುಗಿದು, ಪಕ್ಕದ ದೊಡ್ಡ ಗಣಪನಿಗೂ ಮುಗಿದು, ಗವಿಪುರದ ಗಂಗಾಧರೇಶ್ವರನನ್ನೂ ನೋಡಿ ಬರುವುದು ನಮ್ಮ ರೂಢಿ. ಒಂದು ಚಿಟಿಕೆ ಧೂಪವನ್ನು ಇನ್ನೊಂದು ಕೆಂಡಕ್ಕೆ ಹಾಕಿದರೆ ಕಳೆದುಕೊಳ್ಳುವುದೇನು? ರೋಮನ್ನರದೂ ಇದೇ ವಾದವಾಗಿತ್ತು, ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ಅವರು ನೂರಾರು ದೇವತೆಗಳಿಗೆ ಎಡೆ ಕೊಟ್ಟವರು; ಏಕದೇವನನ್ನು ನಂಬುವ ಯೆಹೂದ್ಯರಿಗೂ, ಅವರದು ಪುರಾತನ ಧರ್ಮವೆಂದು, ವಿನಾಯಿತಿ ಕೊಟ್ಟವರು. ಆದರೆ ಗವಿಪುರಕ್ಕೆ ಹೋಗುವವನ ಎದುರಿಗೆ ಲೆಕ್ಕದ ಪುಸ್ತಕ ಹಿಡಿದ ಗುಮಾಸ್ತ ಕೂತಿರುವುದಿಲ್ಲ. ಒಂದು ದಿನ ಹೋಗದಿದ್ದರೆ ಯಾರೂ ಮನೆ ಜಪ್ತಿ ಮಾಡುವುದಿಲ್ಲ. ಡೆಸಿಯಸ್ ಕೇಳಿದ್ದು ಭಕ್ತಿಯನ್ನಲ್ಲ, ಭಕ್ತಿಯ ರಸೀದಿಯನ್ನು. ಮನಸ್ಸಿನಲ್ಲಿ ಏನಾದರೂ ಇಟ್ಟುಕೋ, ಕೈಯಿಂದ ಇದನ್ನು ಮಾಡು ಎನ್ನುವ ರಾಜ್ಯ ಮೇಲುನೋಟಕ್ಕೆ ಉದಾರವಾಗಿ ಕಾಣುತ್ತದೆ. ಒಳಗೊಂದು ಹೊರಗೊಂದಾಗಿ ಬದುಕುವುದನ್ನು ಅದು ಪ್ರಜೆಯ ಕರ್ತವ್ಯವನ್ನಾಗಿ ಮಾಡುತ್ತದೆ. ಕಲ್ಯಾಣದಲ್ಲಿ ಹರಳಯ್ಯ, ಮಧುವರಸರ ಮನೆಗಳ ನಡುವೆ ನಡೆದ ಮದುವೆಯನ್ನು ಬಿಜ್ಜಳ ಸಹಿಸಲಿಲ್ಲವೆಂದೂ ಅವರಿಬ್ಬರೂ ಪ್ರಾಣ ತೆತ್ತರೆಂದೂ ನಮ್ಮ ಪರಂಪರೆ ನೆನೆಯುತ್ತದೆ. ಮದುವೆ ನಿಲ್ಲಿಸಿ ಮನಸ್ಸಿನಲ್ಲಿ ಸಮಾನತೆ ಇಟ್ಟುಕೊಂಡಿದ್ದರೆ ಸಾಕಿತ್ತಲ್ಲ ಎಂದು ಕನ್ನಡಿಗರು ಯಾರೂ ಅವರನ್ನು ಕೇಳುವುದಿಲ್ಲ. ಕಾರ್ಥೇಜಿನವರನ್ನೂ ಹಾಗೆ ಕೇಳಬಾರದು.

ಈಗ ಸಿಪ್ರಿಯನ್‌ನ ಅಡಗುವಿಕೆಗೆ ಬರೋಣ. ಅವನು ಕಾರ್ಥೇಜಿನ ಅನುಕೂಲಸ್ಥ, ಹೆಸರಾಂತ ಭಾಷಣಶಾಸ್ತ್ರದ ಅಧ್ಯಾಪಕ. ನಡುವಯಸ್ಸಿನಲ್ಲಿ, 246ರ ಸುಮಾರಿಗೆ, ಕ್ರೈಸ್ತನಾದ. ಎರಡು ಮೂರು ವರ್ಷದೊಳಗೆ ಧರ್ಮಾಧ್ಯಕ್ಷನಾದ. ಹಿರಿಯ ಗುರುಗಳಲ್ಲಿ ಕೆಲವರಿಗೆ ಇದು ಸೇರಲಿಲ್ಲ. ಡೆಸಿಯಸ್‌ನ ಅಪ್ಪಣೆ ಬಂದಾಗ ರೋಮಿನ ಧರ್ಮಾಧ್ಯಕ್ಷ ಫೇಬಿಯನ್ 250ರ ಜನವರಿ 20ರಂದು ಸತ್ತ. ಸಿಪ್ರಿಯನ್ ಊರು ಬಿಟ್ಟ. ರೋಮಿನ ಗುರುಗಳು ಕಾರ್ಥೇಜಿಗೆ ಬರೆದ ಕಾಗದದಲ್ಲಿ, ತೋಳ ಬಂದಾಗ ಮಂದೆ ಬಿಟ್ಟು ಓಡುವ ಕೂಲಿ ಕುರುಬನ ಮಾತು ಬಂತು. ಚುಚ್ಚಿದ್ದು ಯಾರನ್ನೆಂದು ಎಲ್ಲರಿಗೂ ತಿಳಿಯಿತು. ಸಿಪ್ರಿಯನ್ ಆ ಕಾಗದವನ್ನೇ ಹಿಂದಕ್ಕೆ ಕಳಿಸಿ, ಇದು ನಿಜವಾಗಿ ನಿಮ್ಮದೇ ಹೌದೋ ನೋಡಿ ಹೇಳಿ ಎಂದು ಕೇಳಿದ. ಆಮೇಲೆ ತಾನು ಅಡಗಿದ್ದಲ್ಲಿಂದ ಊರಿಗೆ ಬರೆದ ಹದಿಮೂರು ಪತ್ರಗಳನ್ನು ಅವರಿಗೆ ಕಳಿಸಿಕೊಟ್ಟ. ಅವನು ಹೇಡಿಯಾಗಿದ್ದನೆಂಬ ಆಕ್ಷೇಪಕ್ಕೆ ಆ ಪತ್ರಗಳಲ್ಲೇ ಉತ್ತರವಿದೆ. ಸೆರೆಮನೆಯಲ್ಲಿರುವವರಿಗೆ ಊಟಬಟ್ಟೆ ಹೋಗಬೇಕು, ಬಡವರಿಗೂ ವಿಧವೆಯರಿಗೂ ಕೊಡುವುದು ನಿಲ್ಲಬಾರದು, ಸತ್ತವರ ದಿನವನ್ನು ಬರೆದಿಡಬೇಕು, ಸೆರೆಮನೆಗೆ ಗುಂಪು ಕಟ್ಟಿಕೊಂಡು ಹೋಗಬೇಡಿ, ಸರದಿಯಲ್ಲಿ ಹೋಗಿ ಎಂಬಂಥ ಮಾತುಗಳು ಅವುಗಳಲ್ಲಿ ತುಂಬಿವೆ. ತನ್ನನ್ನು ಕಂಡರೆ ಜನ ಕೆರಳಿ ಗಲಭೆಯಾಗಿ ಎಲ್ಲರಿಗೂ ಕುತ್ತು ಬರುತ್ತದೆ ಎಂಬುದು ಅವನು ಕೊಟ್ಟ ಕಾರಣ. ಪ್ರಾಣಭಯ ಇರಲೇ ಇಲ್ಲವೆಂದು ನಾನು ಹೇಳಲಾರೆ, ಇದ್ದಿರಬಹುದು. ಭಯವಿದ್ದವನೊಬ್ಬ ಕೆಲಸ ಬಿಡದೆ ಇದ್ದನೆಂಬುದು ಪತ್ರಗಳಿಂದ ಸಿದ್ಧವಾಗುತ್ತದೆ, ಅಷ್ಟು ಸಾಕು.

ಆ ವರ್ಷ ಕಾರ್ಥೇಜಿನ ಕ್ರೈಸ್ತರಲ್ಲಿ ಬಹಳ ಮಂದಿ ಸೋತರು. ಸಿಪ್ರಿಯನ್ 251ರಲ್ಲಿ ಬರೆದ ‘ಬಿದ್ದವರನ್ನು ಕುರಿತು’ ಎಂಬ ಗ್ರಂಥದಲ್ಲಿ ಆ ಚಿತ್ರವಿದೆ. ಹಿಡಿಯುವವರು ಬರುವ ಮೊದಲೇ ಜನ ತಾವಾಗಿ ಓಡಿ ಬಲಿಪೀಠಕ್ಕೆ ಮುಗಿಬಿದ್ದರು. ಹೊತ್ತಾಯಿತು, ನಾಳೆ ಬನ್ನಿ ಎಂದು ಅಧಿಕಾರಿಗಳೇ ಹೇಳಬೇಕಾಯಿತು. ಕೆಲವರು ಕಂಕುಳಲ್ಲಿ ಹಸುಗೂಸುಗಳನ್ನು ಎತ್ತಿಕೊಂಡು ಬಂದಿದ್ದರು. ಬಲಿ ಕೊಡದೆ ಲಂಚ ಕೊಟ್ಟು ಪತ್ರವನ್ನಷ್ಟೇ ಕೊಂಡವರು ಬೇರೆ. ಚಿತ್ರಹಿಂಸೆ ಸಹಿಸಿಯೂ ಒಪ್ಪದೆ ಮಪ್ಪಾಲಿಕಸ್‌ನಂತೆ ಸತ್ತವರೂ ಇದ್ದರು. ಬಿರುಗಾಳಿ ನಿಂತ ಮೇಲೆ ಬಿದ್ದವರೆಲ್ಲ ಅಳುತ್ತ ಬಾಗಿಲಿಗೆ ಬಂದರು. ಆಗ ಎದ್ದ ಜಗಳ ಹಿಂಸೆಗಿಂತ ದೊಡ್ಡದು. ರೋಮಿನಲ್ಲಿ ನೊವೇಷಿಯನ್ ಎಂಬ ಗುರು, ಬಿದ್ದವರಿಗೆ ಎಂದೆಂದಿಗೂ ಬಾಗಿಲಿಲ್ಲ ಎಂದ. ಕಾರ್ಥೇಜಿನಲ್ಲಿ ಫೆಲಿಸಿಸ್ಸಿಮಸ್‌ನ ಗುಂಪು, ಯಾವ ಪಶ್ಚಾತ್ತಾಪವೂ ಬೇಡ, ಸೆರೆಯಲ್ಲಿದ್ದ ವೀರರು ಒಂದು ಚೀಟಿ ಬರೆದುಕೊಟ್ಟರೆ ಸಾಕು ಎಂದಿತು. ಸಾಮ್ರಾಜ್ಯದ ಪತ್ರದಿಂದ ಕೆಟ್ಟವರಿಗೆ ಇನ್ನೊಂದು ಪತ್ರದಿಂದಲೇ ಶುದ್ಧಿ! ಸಿಪ್ರಿಯನ್ ಎರಡನ್ನೂ ಒಪ್ಪಲಿಲ್ಲ. 251ರಲ್ಲಿ ಆಫ್ರಿಕದ ಧರ್ಮಾಧ್ಯಕ್ಷರ ಸಭೆ ಕರೆದು, ಒಬ್ಬೊಬ್ಬರ ಪ್ರಕರಣವನ್ನೂ ಬೇರೆಬೇರೆಯಾಗಿ ನೋಡುವ ಪದ್ಧತಿ ತಂದ. ಹಿಂಸೆ ತಾಳಲಾರದೆ ಬಿದ್ದವನನ್ನೂ ತಾನಾಗಿ ಓಡಿದವನನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಪತ್ರ ಕೊಂಡವನ ತಪ್ಪು ಬಲಿ ಕೊಟ್ಟವನ ತಪ್ಪಿಗಿಂತ ಕಿರಿದು. ಬಲಿ ಕೊಟ್ಟವರು ಬಹುಕಾಲ ಪಶ್ಚಾತ್ತಾಪದಲ್ಲಿರಬೇಕು, ಸಾವಿನ ಹಾಸಿಗೆಯಲ್ಲಿ ಅವರನ್ನು ಸೇರಿಸಿಕೊಳ್ಳಬೇಕು ಎಂದು ಮೊದಲು ಗೊತ್ತಾಯಿತು. ಒಂದೆರಡು ವರ್ಷದಲ್ಲಿ ಮತ್ತೆ ಹಿಂಸೆಯ ಸುಳಿವು ಕಂಡಾಗ ಅವನು ಆ ತೀರ್ಮಾನವನ್ನೂ ಸಡಿಲಿಸಿ, ಪಶ್ಚಾತ್ತಾಪದಲ್ಲಿದ್ದ ಎಲ್ಲರನ್ನೂ ಒಳಗೆ ಕರೆದುಕೊಂಡ. ಬರಿಗೈಯಲ್ಲಿ ಯಾರನ್ನೂ ಯುದ್ಧಕ್ಕೆ ಕಳಿಸಬಾರದು ಎಂಬುದು ಅವನ ತರ್ಕ. ಸೋತವರ ಬಗ್ಗೆ ಇಷ್ಟು ತಾಳ್ಮೆಯಿಂದ ಯೋಚಿಸಲು ಅವನಿಗೆ ಸಾಧ್ಯವಾದದ್ದು ತಾನೂ ಒಮ್ಮೆ ಅಡಗಿದ್ದರಿಂದಲೇ ಎಂದು ನನಗೆ ತೋರುತ್ತದೆ. ನೇರ ಸೆರೆಮನೆಗೆ ಹೋಗಿ ಗೆದ್ದು ಬಂದಿದ್ದರೆ ಅವನೂ ನೊವೇಷಿಯನ್ನನ ಪಕ್ಕದಲ್ಲಿ ನಿಲ್ಲುತ್ತಿದ್ದನೋ ಏನೋ.

ಅದೇ ಹೊತ್ತಿಗೆ ಸಾಮ್ರಾಜ್ಯದಲ್ಲಿ ಭಯಂಕರ ಸಾಂಕ್ರಾಮಿಕ ರೋಗ ಹಬ್ಬಿತು. ಅದರ ಲಕ್ಷಣಗಳನ್ನು ಅವನು ವಿವರವಾಗಿ ಬರೆದಿಟ್ಟದ್ದರಿಂದ ಚರಿತ್ರಕಾರರು ಅದನ್ನು ಸಿಪ್ರಿಯನ್ನನ ಪಿಡುಗು ಎಂದೇ ಕರೆಯುತ್ತಾರೆ. ಪಿಡುಗು ಊರಿಗೆ ಏನು ಮಾಡುತ್ತದೆಂದು ಹಳೆಯ ಬೆಂಗಳೂರಿಗೆ ಗೊತ್ತು. 1898ರ ಪ್ಲೇಗಿಗೆ ಹೆದರಿ ಪೇಟೆಯ ಇಕ್ಕಟ್ಟು ಬಿಟ್ಟ ಜನರಿಂದಲೇ ಬಸವನಗುಡಿ, ಮಲ್ಲೇಶ್ವರ ತುಂಬಿಕೊಂಡವು. ಕಾರ್ಥೇಜಿನಲ್ಲಿ ಹೆಣಗಳು ಬೀದಿಯಲ್ಲಿ ಬಿದ್ದಿದ್ದವು, ರೋಗಿಗಳನ್ನು ಮನೆಯವರೇ ಹೊರಗೆ ಹಾಕುತ್ತಿದ್ದರು. ಕ್ರೈಸ್ತರಿಂದಲೇ ದೇವತೆಗಳು ಮುನಿದರೆಂಬ ಮಾತೂ ಹರಡಿತ್ತು. ಸಿಪ್ರಿಯನ್ ತನ್ನ ಜನರನ್ನು ಕೂಡಿಸಿ, ನಮ್ಮವರಿಗೆ ಮಾತ್ರ ಉಪಚಾರ ಮಾಡಿದರೆ ಅದರಲ್ಲಿ ಹೆಚ್ಚೇನಿಲ್ಲ, ನಮ್ಮನ್ನು ಹಿಂಸಿಸಿದವರಿಗೂ ಮಾಡಬೇಕು ಎಂಬ ಅರ್ಥದಲ್ಲಿ ಮಾತಾಡಿದನೆಂದು ಅವನ ಜೀವನ ಚರಿತ್ರೆ ಬರೆದ ಪೊಂಟಿಯಸ್ ಹೇಳುತ್ತಾನೆ. ಹಣವಿದ್ದವರು ಹಣ ಕೊಟ್ಟರು, ಇಲ್ಲದವರು ದುಡಿದರು. ನುಮಿಡಿಯದಲ್ಲಿ ದಾಳಿಕೋರರು ಜನರನ್ನು ಹಿಡಿದೊಯ್ದಾಗ ಅವರನ್ನು ಬಿಡಿಸಲು ಅವನ ಸಭೆ ಒಂದು ಲಕ್ಷ ಸೆಸ್ಟರ್ಸ್ ನಾಣ್ಯ ಕೂಡಿಸಿ ಕಳಿಸಿತು.

257ರಲ್ಲಿ ಚಕ್ರವರ್ತಿ ವಲೇರಿಯನ್ ಹೊಸ ಆಜ್ಞೆ ಹೊರಡಿಸಿದ. ಈ ಸಲ ಗುರಿ ಸಾಮಾನ್ಯ ಜನರಲ್ಲ, ಗುರುಗಳು. ಆಗಸ್ಟ್ 30ರಂದು ಪ್ರಾಂತಾಧಿಪತಿ ಅಸ್ಪೇಸಿಯಸ್ ಪೆಟರ್ನಸ್ ಸಿಪ್ರಿಯನ್‌ನನ್ನು ಕರೆಸಿ, ನಿನ್ನ ಕೈಕೆಳಗಿನ ಗುರುಗಳ ಹೆಸರು ಹೇಳು ಎಂದ. ಚಾಡಿ ಹೇಳುವುದನ್ನು ನಿಮ್ಮ ಕಾನೂನೇ ನಿಷೇಧಿಸಿದೆ, ನಾನು ಹೇಳಲಾರೆ ಎಂಬ ಉತ್ತರ ಬಂತು. ಕುರುಬಿಸ್ ಎಂಬ ಕಡಲ ತಡಿಯ ಊರಿಗೆ ಗಡೀಪಾರಾಯಿತು. ಮರುವರ್ಷದ ಆಜ್ಞೆ ಇನ್ನೂ ಕಠಿಣ: ಧರ್ಮಾಧ್ಯಕ್ಷರು, ಗುರುಗಳು, ಧರ್ಮಸೇವಕರನ್ನು ಸಿಕ್ಕಲ್ಲಿ ಕೊಲ್ಲಬೇಕು. 258ರ ಆಗಸ್ಟ್ 6ರಂದು ರೋಮಿನ ಧರ್ಮಾಧ್ಯಕ್ಷ ಎರಡನೆಯ ಸಿಕ್ಸ್ಟಸ್‌ನನ್ನು ಸಮಾಧಿಭೂಮಿಯಲ್ಲೇ ಹಿಡಿದು ಕೊಂದರು. ಹೊಸ ಪ್ರಾಂತಾಧಿಪತಿ ಗೆಲೇರಿಯಸ್ ಮ್ಯಾಕ್ಸಿಮಸ್ ಆಗ ಯೂಟಿಕಾ ನಗರದಲ್ಲಿದ್ದ. ಅಲ್ಲಿಗೆ ಕರೆದೊಯ್ಯಲು ಆಳುಗಳು ಬರುತ್ತಾರೆಂದು ತಿಳಿದು, ಅಷ್ಟರಲ್ಲಿ ಗಡೀಪಾರಿನಿಂದ ಮರಳಿದ್ದ ಸಿಪ್ರಿಯನ್ ಮತ್ತೊಮ್ಮೆ ಅಡಗಿದ. ಈ ಎರಡನೆಯ ಅಡಗುವಿಕೆಯ ಕಾರಣವನ್ನು ತನ್ನ ಕೊನೆಯ ಪತ್ರದಲ್ಲಿ ಅವನೇ ತಿಳಿಸಿದ್ದಾನೆ. ಧರ್ಮಾಧ್ಯಕ್ಷ ತನ್ನ ಊರಿನಲ್ಲಿ, ತನ್ನ ಜನರ ಕಣ್ಣೆದುರು ಸಾಯಬೇಕು, ಬೇರೆ ಊರಿನಲ್ಲಲ್ಲ. ಮೊದಲ ಸಲ ಜನರಿಗಾಗಿ ಬದುಕಿ ಉಳಿಯಲು ಅಡಗಿದವನು ಈಗ ಅವರ ನಡುವೆ ಸಾಯಲು ಅಡಗಿದ.

ಅಧಿಕಾರಿ ಕಾರ್ಥೇಜಿಗೆ ಮರಳಿದ ಮೇಲೆ ಸಿಪ್ರಿಯನ್ ತನ್ನ ತೋಟಕ್ಕೆ ಬಂದು ಕುಳಿತ. ಸೆಪ್ಟೆಂಬರ್ 13ರಂದು ಹಿಡಿದರು. ಆ ರಾತ್ರಿ ಅವನನ್ನಿಟ್ಟಿದ್ದ ಮನೆಯ ಮುಂದೆ ಊರ ಜನವೆಲ್ಲ ನೆರೆದು ಬೀದಿಯಲ್ಲೇ ಕಾದರು. ಗುಂಪಿನಲ್ಲಿರುವ ಹೆಣ್ಣುಮಕ್ಕಳನ್ನು ಜೋಪಾನವಾಗಿ ನೋಡಿಕೊಳ್ಳಿ ಎಂದು ಒಳಗಿನಿಂದ ಹೇಳಿಕಳಿಸಿದ. ಮರುದಿನದ ವಿಚಾರಣೆಯ ಕಡತ ಉಳಿದಿದೆ. ಬಹಳ ಚಿಕ್ಕದು. ನೀನೇ ಸಿಪ್ರಿಯನ್ನನೇ ಎಂದು ಕೇಳಿದರು, ಹೌದೆಂದ. ಬಲಿ ಕೊಡು ಎಂದರು, ಕೊಡುವುದಿಲ್ಲ ಎಂದ. ಯೋಚಿಸಿ ನೋಡು ಎಂದಾಗ, ಇಷ್ಟು ನ್ಯಾಯವಾದ ವಿಷಯದಲ್ಲಿ ಯೋಚಿಸಲು ಏನೂ ಇಲ್ಲ, ನಿನಗೆ ಆಜ್ಞೆಯಾದದ್ದನ್ನು ನೀನು ಮಾಡು ಎಂದ. ಗೆಲೇರಿಯಸ್ ಕಾಯಿಲೆಯಲ್ಲಿದ್ದ, ಕಷ್ಟಪಟ್ಟು ತೀರ್ಪು ಓದಿದ. ಸಿಪ್ರಿಯನ್ ದೇವರಿಗೆ ವಂದನೆ ಹೇಳಿದ. ಮರಗಳಿದ್ದ ಬಯಲಿಗೆ ಕರೆದೊಯ್ದರು. ಜನ ನೋಡಲು ಮರ ಹತ್ತಿದ್ದರು. ತನ್ನ ತಲೆ ಕಡಿಯಲಿರುವವನಿಗೆ 25 ಚಿನ್ನದ ನಾಣ್ಯ ಕೊಡುವಂತೆ ತನ್ನವರಿಗೆ ಹೇಳಿದ. ಅವನ ಮುಂದೆ ನೆಲದ ಮೇಲೆ ಜನ ನಾರುಬಟ್ಟೆಗಳನ್ನು ಹಾಸಿದರು. ತನ್ನ ಕಣ್ಣಿಗೆ ತಾನೇ ಬಟ್ಟೆ ಕಟ್ಟಿಕೊಂಡ. ಕೈಗಳನ್ನು ಕಟ್ಟಿಕೊಳ್ಳಲಾಗಲಿಲ್ಲ, ಒಬ್ಬ ಗುರುವೂ ಒಬ್ಬ ಕಿರಿಯ ಧರ್ಮಸೇವಕನೂ ಕಟ್ಟಿದರು. ರಾತ್ರಿ ದೀವಟಿಗೆ ಹಿಡಿದು ಮೆರವಣಿಗೆಯಲ್ಲಿ ಅವನನ್ನು ಮಣ್ಣು ಮಾಡಿದರು, ಯಾರೂ ತಡೆಯಲಿಲ್ಲ.

ಯಾರೂ ತಡೆಯಲಿಲ್ಲ ಎಂಬುದನ್ನೇ ಹಿಡಿದು ಇಂಗ್ಲಿಷ್ ಚರಿತ್ರಕಾರ ಎಡ್ವರ್ಡ್ ಗಿಬ್ಬನ್ ಒಂದು ವಾದ ಹೂಡಿದ. ರೋಮ್ ಸಾಮ್ರಾಜ್ಯದ ಅವನತಿಯ ಚರಿತ್ರೆಯ 16ನೇ ಅಧ್ಯಾಯದಲ್ಲಿ ಸಿಪ್ರಿಯನ್‌ನ ಕಥೆಯನ್ನು ವಿಸ್ತಾರವಾಗಿ ಹೇಳಿ, ಅಧಿಕಾರಿಗಳು ಎಷ್ಟು ಮರ್ಯಾದೆಯಿಂದ ನಡೆದುಕೊಂಡರು, ಸತ್ತವರ ಸಂಖ್ಯೆಯನ್ನು ಕ್ರೈಸ್ತರು ಎಷ್ಟು ಬೆಳೆಸಿ ಹೇಳಿದರು ಎಂದು ತೋರಿಸಿದ. ಸಂಖ್ಯೆಯ ವಿಷಯದಲ್ಲಿ ಅವನ ಮಾತಿನಲ್ಲಿ ಹುರುಳಿದೆ. ರೋಮಿನ ಹಿಂಸೆ ಎಡೆಬಿಡದೆ ನಡೆದದ್ದಲ್ಲ, ಆಗೊಮ್ಮೆ ಈಗೊಮ್ಮೆ, ಅಲ್ಲೊಂದು ಇಲ್ಲೊಂದು ಎಂಬಂತೆ ನಡೆದದ್ದು. ಸಂತರ ಕಥೆಗಳಲ್ಲಿ ಎಷ್ಟೋ ಮುಂದೆ ಕಟ್ಟಿದವು. ಆದರೆ ಗಿಬ್ಬನ್ ಬರೆಯುವಾಗ ಈಜಿಪ್ಟಿನ ಆ ಪತ್ರಗಳು ಇನ್ನೂ ಮರಳಿನಡಿ ಇದ್ದವು. ಫಯೂಮಿನ ಒಂದು ಹಳ್ಳಿಯ ಮುದುಕನ ಹುಬ್ಬಿನ ಕಲೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡ ಆಡಳಿತವೊಂದು ಎಷ್ಟು ಜನರನ್ನು ಕೊಂದಿತು ಎಂದಷ್ಟೇ ಕೇಳಿದರೆ ಪ್ರಶ್ನೆ ಅರ್ಧವಾಗುತ್ತದೆ. ಕೊಲ್ಲದೆ ಬಗ್ಗಿಸಿದವರು ಎಷ್ಟು ಎಂಬುದು ಇನ್ನರ್ಧ. ಅದನ್ನು ತಿಳಿಯಲು ರಕ್ತಸಾಕ್ಷಿಗಳ ಪಟ್ಟಿ ಸಾಲದು, ಬಿದ್ದವರನ್ನು ಕುರಿತ ಸಿಪ್ರಿಯನ್‌ನ ಬರಹ ಬೇಕು.

ಅವನಲ್ಲಿ ಕಟುತನವೂ ಇತ್ತು. ಧರ್ಮಸಭೆಯ ಹೊರಗೆ ಮೋಕ್ಷವಿಲ್ಲ ಎಂಬ ಮಾತಿನ ಬೇರು ಅವನ ಪತ್ರಗಳಲ್ಲಿದೆ. ಒಡೆದುಹೋದ ಗುಂಪುಗಳು ಕೊಟ್ಟ ದೀಕ್ಷಾಸ್ನಾನ ಲೆಕ್ಕಕ್ಕಿಲ್ಲವೆಂದು ಹಟ ಹಿಡಿದು, 256ರಲ್ಲಿ 87 ಧರ್ಮಾಧ್ಯಕ್ಷರನ್ನು ಕೂಡಿಸಿ ರೋಮಿನ ಧರ್ಮಾಧ್ಯಕ್ಷ ಸ್ಟೀಫನ್‌ನೊಡನೆ ಜಗಳಕ್ಕೆ ನಿಂತ. ಮುಂದೆ ಧರ್ಮಸಭೆ ಆ ಹಟವನ್ನು ಒಪ್ಪಲಿಲ್ಲ. ಇದಕ್ಕಿಂತ ನೋವಿನ ಆಕ್ಷೇಪವೊಂದಿದೆ. ಚಕ್ರವರ್ತಿಯ ಅಪ್ಪಣೆಯನ್ನು ಎದುರಿಸಿ ಸತ್ತವರ ಧರ್ಮವೇ, ಚಕ್ರವರ್ತಿಗಳು ತನ್ನ ಕಡೆಗೆ ಬಂದ ಮೇಲೆ, ಬೇರೆಯವರ ಮೇಲೆ ಅದೇ ಅಪ್ಪಣೆಯನ್ನು ಹೇರಿತು. ಐದನೆಯ ಶತಮಾನದ ಆರಂಭದಲ್ಲಿ ಅದೇ ಆಫ್ರಿಕದಲ್ಲಿ ಸಂತ ಅಗಸ್ಟೀನ್, ಭಿನ್ನಮತದ ಡೊನೇಟಿಸ್ಟರ ಮೇಲೆ ರಾಜ್ಯಬಲ ಬಳಸುವುದನ್ನು ಸಮರ್ಥಿಸಿದ. 1560ರಲ್ಲಿ ಗೋವೆಯಲ್ಲಿ ಶುರುವಾದ ಇನ್‌ಕ್ವಿಸಿಷನ್ 1812ರವರೆಗೂ ಇತ್ತು. ಪೋರ್ಚುಗೀಸರ ಕಾಟ ತಾಳಲಾರದೆ ಸಾರಸ್ವತರು ಕುಲದೇವರನ್ನು ಕಟ್ಟಿಕೊಂಡು ಕೆನರಾ ಸೀಮೆಗೆ ಬಂದರು. ಹಳೆಯ ಆಚಾರ ಬಿಡಲೊಲ್ಲದ ಹೊಸ ಕ್ರೈಸ್ತರಲ್ಲೂ ಕೆಲವರು ಅದೇ ದಾರಿ ಹಿಡಿದರು. ಆ ಸಾರಸ್ವತರ ಪೀಳಿಗೆಯವರು ಕೆನರಾ ಯೂನಿಯನ್ ಎಂಬ ಸಂಘ ಕಟ್ಟಿಕೊಂಡದ್ದೂ ಗುರುಮಠ ಇರುವ ಇದೇ ಮಲ್ಲೇಶ್ವರದಲ್ಲಿ. ಈ ಚರಿತ್ರೆಯನ್ನು ಮುಚ್ಚಿಟ್ಟು ಸಿಪ್ರಿಯನ್‌ನನ್ನು ಹೊಗಳಲು ಬರುವುದಿಲ್ಲ. ಇದರಿಂದ ಅವನ ಸಾಕ್ಷಿ ಸುಳ್ಳಾಗುವುದೂ ಇಲ್ಲ. ನಂಬಿಕೆಗೆ ಸರ್ಕಾರದ ರಸೀದಿ ಕೇಳಬಾರದು ಎಂದು ಅವನು ನಿಂತ ನ್ಯಾಯಸ್ಥಾನದ ಎದುರು ಗೋವೆಯ ನ್ಯಾಯಾಧಿಕಾರಿಗಳನ್ನೂ ನಿಲ್ಲಿಸಿ ನೋಡಬೇಕು. ಅಲ್ಲಿ ಅವನ ಸಾಕ್ಷಿ ಅವರ ವಿರುದ್ಧವೇ ಬೀಳುತ್ತದೆ.

ತೀರ್ಪು ಓದಿದ ಗೆಲೇರಿಯಸ್ ಮ್ಯಾಕ್ಸಿಮಸ್ ಕೆಲವೇ ದಿನಗಳಲ್ಲಿ ಸತ್ತ. ವಲೇರಿಯನ್ 260ರಲ್ಲಿ ಪರ್ಷಿಯದ ದೊರೆ ಶಾಪುರನ ಕೈಗೆ ಸೆರೆಸಿಕ್ಕಿದ. ಅವನ ಮಗ ಗ್ಯಾಲಿಯೆನಸ್ ಹಿಂಸೆ ನಿಲ್ಲಿಸಿ, ಕ್ರೈಸ್ತರ ಪೂಜಾಸ್ಥಳಗಳನ್ನು ಹಿಂದಿರುಗಿಸಿದ. ಕೆಥೋಲಿಕ್ ಪಂಚಾಂಗದಲ್ಲಿ ಸಿಪ್ರಿಯನ್‌ನ ಸ್ಮರಣೆ ಸೆಪ್ಟೆಂಬರ್ 16ಕ್ಕೆ ಬರುತ್ತದೆ. ಆ ದಿನ ಅವನೊಬ್ಬನದಲ್ಲ. ಅವನ ಜೊತೆಗೆ ನೆನೆಯುವ ಇನ್ನೊಬ್ಬ ಕೊರ್ನೇಲಿಯಸ್, 251ರಲ್ಲಿ ನೊವೇಷಿಯನ್ನನ ವಿರೋಧ ಕಟ್ಟಿಕೊಂಡು, ಬಿದ್ದವರನ್ನು ಮರಳಿ ಸೇರಿಸಿಕೊಂಡ ರೋಮಿನ ಧರ್ಮಾಧ್ಯಕ್ಷ.